ನಗೆಪಾಟಲಾದ ಒಂದು ಪಟ್ಟಿ: 2008ರ ಬೆಂಗಳೂರು ತಂಡವನ್ನು ಮತ್ತೆ ಓದಿದಾಗ



ಐಪಿಎಲ್ ಶುರುವಾಗುವ ದಿನಗಳಲ್ಲಿ ಭಾನುವಾರದ ಪೂಜೆ ಮುಗಿಸಿ ಹೊರಗೆ ಬಂದರೆ ಸಾಕು, ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು. ಈ ಸಲ ತಂಡದಲ್ಲಿ ಯಾರ್ಯಾರಿದ್ದಾರೆ, ಓಪನಿಂಗ್ ಯಾರು, ಕೊನೇ ಓವರ್ ಯಾರು ಹಾಕ್ತಾರೆ. ಒಂದು ಮ್ಯಾಚೂ ನಡೆದಿರುವುದಿಲ್ಲ, ಆಗಲೇ ಕಪ್ ಯಾರಿಗೆ ಅನ್ನುವುದು ತೀರ್ಮಾನವಾಗಿಬಿಟ್ಟಿರುತ್ತದೆ. ಅಮೆರಿಕದ ಬೇಸ್‌ಬಾಲ್ ಋತು ಶುರುವಾಗುವುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಅಲ್ಲಿಯ ಅಭಿಮಾನಿಗಳದ್ದೂ ಇದೇ ಕೆಲಸ. ಆಟಗಾರರ ಪಟ್ಟಿ ಹಿಡಿದುಕೊಂಡು ಭವಿಷ್ಯ ಹೇಳುವ ಚಟ ಎಲ್ಲ ದೇಶದಲ್ಲೂ ಒಂದೇ.

ಹಾಗಾಗಿ ಈ ಸಲ ಹೊಸ ಪಟ್ಟಿಯ ಬದಲು ಒಂದು ಹಳೆಯ ಪಟ್ಟಿಯ ಬಗ್ಗೆ ಬರೆಯುತ್ತೇನೆ. 2008ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಮೈದಾನಕ್ಕಿಳಿದ ನಮ್ಮ ಬೆಂಗಳೂರು ತಂಡದ ಪಟ್ಟಿ ಅದು. ಈಗ ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳು ಆಗ ಹುಟ್ಟಿರಲೇ ಇಲ್ಲ. ಅವರಿಗೆ ಗೊತ್ತಿರುವುದು ದೊಡ್ಡವರು ಹೇಳುವ ಒಂದೇ ಮಾತು: "ಅದು ಟೆಸ್ಟ್ ಟೀಮು ಕಣೋ, ಇಪ್ಪತ್ತು ಓವರಿಗೆ ಆಡೋಕೆ ಬರ್ತಿರಲಿಲ್ಲ." ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲ.

ಮೊದಲು ತಂಡದ ಹೆಸರಿನ ವಿಷಯ. ಬೆಂಗಳೂರು ತಂಡವನ್ನು 11.16 ಕೋಟಿ ಡಾಲರ್ ಕೊಟ್ಟು ಕೊಂಡವರು ಯುಬಿ ಗ್ರೂಪಿನ ವಿಜಯ್ ಮಲ್ಯ. ಮುಂಬೈ ಬಿಟ್ಟರೆ ಇದೇ ದುಬಾರಿ ತಂಡ. ಅದಕ್ಕೆ ಅವರು ಇಟ್ಟ ಹೆಸರು ತಮ್ಮ ಕಂಪನಿಯ ಒಂದು ವಿಸ್ಕಿಯದು. ಕುಡಿತದಿಂದ ಮನೆಗಳು ಹಾಳಾದದ್ದನ್ನು ಕಣ್ಣಾರೆ ಕಂಡ ನಮ್ಮ ಊರುಗಳಲ್ಲಿ, ಕುಡಿತ ಬಿಡಿಸಲು ಪ್ರಾರ್ಥನೆ ಮಾಡಿಸುವ ತಾಯಂದಿರ ಮಕ್ಕಳೇ ಬ್ರಾಂದಿ ಅಂಗಡಿಯ ಹೆಸರು ಹೊತ್ತ ಕೆಂಪು ಟೀ ಶರ್ಟ್ ಹಾಕಿಕೊಂಡು ಕುಣಿದರು. ನಾವು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಊರಿನ ಹೆಸರನ್ನು, ಬಾಟಲಿಯ ಹೆಸರನ್ನಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಕು, ಅಷ್ಟೇ.

ಹರಾಜು ನಡೆದದ್ದು 2008ರ ಫೆಬ್ರವರಿ 20ರಂದು, ಮುಂಬೈಯಲ್ಲಿ. ಆಗ ನಮಗೆ ತಪಸ್ಸುಕಾಲ. ಮನುಷ್ಯರನ್ನು ಹೆಸರು ಕೂಗಿ, ಬೆಲೆ ಏರಿಸಿ, ಸುತ್ತಿಗೆ ಕುಟ್ಟಿ ಮಾರುವುದನ್ನು ಟಿವಿಯವರು ಹಬ್ಬದಂತೆ ತೋರಿಸಿದ್ದು ಅದೇ ಮೊದಲು. ಐದು ತಂಡಗಳಿಗೆ ಒಬ್ಬೊಬ್ಬ 'ಐಕಾನ್' ಆಟಗಾರ ಹರಾಜಿಲ್ಲದೆ ಸಿಕ್ಕಿದ್ದರು. ಬೆಂಗಳೂರಿಗೆ ರಾಹುಲ್ ದ್ರಾವಿಡ್. ನಗರದ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ, ಅಂದರೆ ನಮ್ಮ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದ ಹುಡುಗ. ಐಕಾನ್ ಆಟಗಾರನಿಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ನೂರಕ್ಕೆ 15ರಷ್ಟು ಹೆಚ್ಚು ಕೊಡಬೇಕೆಂಬುದು ನಿಯಮ. ಬೆಂಗಳೂರು 9 ಲಕ್ಷ ಡಾಲರ್ ಕೊಟ್ಟು ದಕ್ಷಿಣ ಆಫ್ರಿಕಾದ ಜಾಕ್ ಕಾಲಿಸ್ ಅವರನ್ನು ಕೊಂಡಿತು. ಹಾಗಾಗಿ ದ್ರಾವಿಡ್‌ಗೆ 10 ಲಕ್ಷದ 35 ಸಾವಿರ ಡಾಲರ್.

ಉಳಿದ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಅನಿಲ್ ಕುಂಬ್ಳೆ, ಜಹೀರ್ ಖಾನ್, ಮಾರ್ಕ್ ಬೌಚರ್, ಡೇಲ್ ಸ್ಟೇನ್, ನೇಥನ್ ಬ್ರಾಕನ್, ಕ್ಯಾಮರೂನ್ ವೈಟ್, ಶಿವನಾರಾಯಣ್ ಚಂದ್ರಪಾಲ್, ವಾಸಿಂ ಜಾಫರ್, ಪ್ರವೀಣ್ ಕುಮಾರ್. ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಕೂಡ ಆ ವರ್ಷ ನಮ್ಮ ತಂಡದಲ್ಲಿದ್ದರು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಇವರ ಜೊತೆಗೆ ಕರ್ನಾಟಕದವರು: ಸುನಿಲ್ ಜೋಶಿ, ವಿನಯ್ ಕುಮಾರ್, ಬಿ. ಅಖಿಲ್, ಜೆ. ಅರುಣ್ ಕುಮಾರ್, ಕೆ.ಪಿ. ಅಪ್ಪಣ್ಣ, ಭರತ್ ಚಿಪ್ಲಿ. ಐದು ದಿನದ ಆಟಕ್ಕೆ ಇಳಿಸಿದ್ದರೆ ಯಾವ ದೇಶವನ್ನಾದರೂ ಎದುರಿಸಬಹುದಾಗಿದ್ದ ತಂಡ. ಅದಕ್ಕೇ ಆ ಅಡ್ಡಹೆಸರು ಬಿದ್ದದ್ದು.

ಐಪಿಎಲ್ ಇತಿಹಾಸದ ಮೊಟ್ಟಮೊದಲ ಪಂದ್ಯ 2008ರ ಏಪ್ರಿಲ್ 18, ಶುಕ್ರವಾರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಎದುರಾಳಿ ಕೋಲ್ಕತ್ತ. ಪ್ರವೀಣ್ ಕುಮಾರ್ ಹಾಕಿದ ಮೊದಲ ಚೆಂಡಿಗೆ ಸೌರವ್ ಗಂಗೂಲಿ ಕಾಲಿಗೆ ತಾಗಿಸಿಕೊಂಡು ಒಂದು ಲೆಗ್ ಬೈ ಓಡಿದರು. ಅಲ್ಲಿಗೆ ಶಾಂತಿ ಮುಗಿಯಿತು. ಬ್ರೆಂಡನ್ ಮೆಕಲಮ್ 73 ಚೆಂಡುಗಳಲ್ಲಿ ಔಟಾಗದೆ 158. ಅದರಲ್ಲಿ 13 ಸಿಕ್ಸರ್. ಕೋಲ್ಕತ್ತ 3 ವಿಕೆಟಿಗೆ 222.

ಆಮೇಲೆ ನಮ್ಮವರು ಬಂದರು. ದ್ರಾವಿಡ್ 2, ಜಾಫರ್ 6, ಕೊಹ್ಲಿ 1, ಕಾಲಿಸ್ 8, ವೈಟ್ 6, ಬೌಚರ್ 7, ಅಖಿಲ್ 0, ನಾಫ್ಕಿ 9, ಪ್ರವೀಣ್ ಕುಮಾರ್ ಔಟಾಗದೆ 18, ಜಹೀರ್ 3, ಜೋಶಿ 3. ಎರಡಂಕಿ ದಾಟಿದವರು ಒಬ್ಬರೇ, ಅವರೂ ಬೌಲರ್. ಇತರೆ ರನ್ 19. ಅಂದರೆ ನಮ್ಮ ಕಡೆ ಅತಿ ಹೆಚ್ಚು ರನ್ ಹೊಡೆದದ್ದು ಎದುರಾಳಿಗಳ ತಪ್ಪು! 15.1 ಓವರಿನಲ್ಲಿ 82ಕ್ಕೆ ಆಲೌಟ್, 140 ರನ್ನಿನ ಸೋಲು.

ಎರಡು ದಿನ ಬಿಟ್ಟು ಮುಂಬೈಗೆ ಹೋಗಿ ಅವರದೇ ನೆಲದಲ್ಲಿ 5 ವಿಕೆಟಿನಿಂದ ಗೆದ್ದರು ಅನ್ನುವುದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ನೆನಪಿಟ್ಟುಕೊಳ್ಳುವಷ್ಟು ಗೆಲುವುಗಳೂ ಬರಲಿಲ್ಲ ಬಿಡಿ. 14 ಪಂದ್ಯಗಳಲ್ಲಿ 4 ಗೆಲುವು, 10 ಸೋಲು, ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಋತುವಿನ ಮಧ್ಯದಲ್ಲೇ ತಂಡದ ಮುಖ್ಯ ಅಧಿಕಾರಿ ಚಾರು ಶರ್ಮಾ ಹುದ್ದೆ ಕಳೆದುಕೊಂಡರು. ಆ ಜಾಗಕ್ಕೆ ಬ್ರಿಜೇಶ್ ಪಟೇಲ್ ಬಂದರು. ಆಟಗಾರರನ್ನು ಆರಿಸಿದವರು ದ್ರಾವಿಡ್ ಮತ್ತು ಶರ್ಮಾ, ತಾನಲ್ಲ ಎಂಬ ಅರ್ಥದ ಮಾತನ್ನು ಮಾಲೀಕರು ಎಲ್ಲರೆದುರು ಆಡಿದರು. ಸೋತಾಗ ಪಟ್ಟಿ ಬರೆದವನನ್ನು ಹುಡುಕುವುದು ನಮ್ಮ ಹಬ್ಬದ ಟೂರ್ನಮೆಂಟಿನಲ್ಲೂ ನಡೆಯುವುದೇ. ಆದರೆ ಅದೇ ವರ್ಷ ತಂಡದಲ್ಲಿ ಅತಿ ಹೆಚ್ಚು ರನ್ ಮಾಡಿದವರು ಅದೇ ದ್ರಾವಿಡ್, 371.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಆ ಪಟ್ಟಿಯ ದೋಷ 'ಟೆಸ್ಟ್ ಆಟಗಾರರು' ಅನ್ನುವುದಲ್ಲ. ಒಂದೇ ಕೆಲಸ ಬಲ್ಲವರು ಹೆಚ್ಚಾಗಿದ್ದರು, ಬೇರೆ ಕೆಲಸಗಳಿಗೆ ಆಳೇ ಇರಲಿಲ್ಲ ಅನ್ನುವುದು ನಿಜವಾದ ದೋಷ. ವಿಕೆಟ್ ಕಾಯ್ದುಕೊಂಡು ಇನಿಂಗ್ಸ್ ಕಟ್ಟುವವರು ಸಾಲಾಗಿ ನಾಲ್ಕು ಮಂದಿ. ಕೊನೆಯ ಐದು ಓವರಿನಲ್ಲಿ ಬೀಸಿ ಹೊಡೆಯಲೆಂದೇ ಇಟ್ಟುಕೊಂಡವರು ಹುಡುಕಿದರೂ ಸಿಗುವುದಿಲ್ಲ. ಒಂದು ಪಂದ್ಯದಲ್ಲಿ ವಿದೇಶದವರು ನಾಲ್ಕೇ ಮಂದಿ ಆಡಬಹುದು ಎಂಬ ನಿಯಮವಿದ್ದುದರಿಂದ ಉಳಿದ ಏಳು ಜಾಗ ತುಂಬಬೇಕಾದವರು ದೇಶದ ಹುಡುಗರು. ಆ ಏಳು ಜಾಗಕ್ಕೆ ದೊಡ್ಡ ಹೆಸರುಗಳಿಗೆ ಕೊಟ್ಟಷ್ಟು ಗಮನ ಕೊಡಲಿಲ್ಲ. ಹರಾಜಿನಲ್ಲಿ ಕೊಂಡದ್ದು ಹೆಸರುಗಳನ್ನು, ಕೆಲಸಗಳನ್ನಲ್ಲ. ಚರ್ಚಿನ ಗಾಯನ ತಂಡಕ್ಕೆ ಒಳ್ಳೆಯ ದನಿಯ ಹತ್ತು ಜನ ಸೇರಿ ಎಲ್ಲರೂ ಒಂದೇ ಶ್ರುತಿಯಲ್ಲಿ ಮೇಲೇರಿದರೆ ಹೇಗಿರುತ್ತದೋ ಹಾಗೆ. ಹಾರ್ಮೋನಿಯಂ, ತಬಲಾ ಹಿಡಿಯುವವರು ಯಾರು?

ಆದರೆ ಆ ಪಟ್ಟಿಯ ಕೆಳಭಾಗದಲ್ಲಿ ಒಂದು ಹೆಸರಿತ್ತು. ಅದು ಹರಾಜಿನಲ್ಲಿ ಬಂದ ಹೆಸರಲ್ಲ. 19 ವರ್ಷದೊಳಗಿನ ವಿಶ್ವಕಪ್ ಆಡಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಬೇರೆ ಪದ್ಧತಿ ಇತ್ತು. ಅಮೆರಿಕದ ಆಟಗಳ 'ಡ್ರಾಫ್ಟ್' ರೀತಿಯದು. ಆ ವಿಶ್ವಕಪ್ ಗೆದ್ದ ತಂಡದ ನಾಯಕ ವಿರಾಟ್ ಕೊಹ್ಲಿ ದೆಹಲಿಯ ಹುಡುಗ. ದೆಹಲಿ ತಂಡ ಅವನನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಅವರ ಲೆಕ್ಕ ತಪ್ಪೆಂದು ಹೇಳಲಾಗದು. ಸೆಹ್ವಾಗ್, ಗಂಭೀರ್, ಧವನ್ ಆಗಲೇ ಅಲ್ಲಿದ್ದರು, ಬೇಕಾಗಿದ್ದದ್ದು ಬೌಲರ್. ಬೆಂಗಳೂರು ಆ ಹುಡುಗನನ್ನು 30 ಸಾವಿರ ಡಾಲರಿಗೆ ಕರೆದುಕೊಂಡಿತು. ಕಾಲಿಸ್ ಬೆಲೆಯ ಮೂವತ್ತರಲ್ಲಿ ಒಂದು ಭಾಗ.

ಇಲ್ಲಿ ನಮಗೆಲ್ಲ ಗೊತ್ತಿರುವ ಒಂದು ಕಥೆ ನೆನಪಾಗುತ್ತದೆ. ಬೆತ್ಲೆಹೇಮಿನಲ್ಲಿ ಜೆಸ್ಸೆಯ ಮನೆಗೆ ಸಮುವೇಲ ಬಂದಾಗ ಎತ್ತರದ, ಗಟ್ಟಿಮುಟ್ಟಾದ ಗಂಡುಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದರು, ಕಿರಿಯವನು ಕುರಿಗಳ ಹತ್ತಿರವೇ ಇದ್ದ. ಈ ಕಥೆಯನ್ನು ಪ್ರಸಂಗದಲ್ಲಿ ಹೇಳುವಾಗ ಎಣ್ಣೆ ಸುರಿದ ಗಳಿಗೆಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಅಭಿಷೇಕವಾದ ಮೇಲೂ ದಾವೀದ ಕುರಿ ಕಾಯುತ್ತಲೇ ಇದ್ದ, ಸಿಂಹಾಸನ ಬಂದದ್ದು ಬಹಳ ವರ್ಷಗಳ ನಂತರ. ಕೊಹ್ಲಿ 2008ರಲ್ಲಿ 13 ಪಂದ್ಯ ಆಡಿ ಮಾಡಿದ್ದು 165 ರನ್, ಸರಾಸರಿ 15. ಆಗ ಯಾರಾದರೂ "ಈ ಹುಡುಗನನ್ನು ಕೈಬಿಡಿ" ಎಂದಿದ್ದರೆ ಲೆಕ್ಕ ಅವರ ಪರವಾಗಿಯೇ ಇತ್ತು.

2011ರ ದೊಡ್ಡ ಹರಾಜಿನ ಹೊತ್ತಿಗೆ ಆ ಮೊದಲ ಪಟ್ಟಿ ಚದುರಿಹೋಯಿತು. ಕುಂಬ್ಳೆ ನಿವೃತ್ತರಾದರು, ದ್ರಾವಿಡ್ ರಾಜಸ್ಥಾನಕ್ಕೆ, ಕಾಲಿಸ್ ಕೋಲ್ಕತ್ತಕ್ಕೆ, ಸ್ಟೇನ್ ಡೆಕ್ಕನ್ ಚಾರ್ಜರ್ಸ್‌ಗೆ, ಪ್ರವೀಣ್ ಕುಮಾರ್ ಪಂಜಾಬಿಗೆ. ಬೆಂಗಳೂರು ಹರಾಜಿಗೆ ಬಿಡದೆ ಉಳಿಸಿಕೊಂಡದ್ದು ಒಬ್ಬರನ್ನೇ. ಆ 30 ಸಾವಿರದ ಹುಡುಗನನ್ನು.

ಇಷ್ಟು ಬೆಂಗಳೂರಿನ ಕಥೆ. ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. ಓಬಳಾಪುರದವರಿಗೆ ಬಳ್ಳಾರಿ ಪಕ್ಕದ ಊರು, ಮಡಕಶಿರದವರಿಗೆ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ದೂರದಲ್ಲೇ ಕರ್ನಾಟಕ. ಆದರೆ ನಾವು ಆಂಧ್ರದವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆಗೆ ಬಂದವು, ಉಳಿದವು ಮೈಸೂರಿಗೆ ಹೋದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಹೀಗಿರುವಾಗ 2008ರಲ್ಲಿ ಊರಿಗೊಂದು ತಂಡ ಎಂದು ಬಂದಾಗ ನಮ್ಮ ತಂಡ ಯಾವುದು? ರಾಜಧಾನಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಒಂದು ಕಡೆ, ಭಾಷೆಯ ಬೆಂಗಳೂರು ಇನ್ನೊಂದು ಕಡೆ.

ಡೆಕ್ಕನ್ ಪಟ್ಟಿ ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಆಡಮ್ ಗಿಲ್‌ಕ್ರಿಸ್ಟ್, ಆಂಡ್ರ್ಯೂ ಸೈಮಂಡ್ಸ್, ಹರ್ಷಲ್ ಗಿಬ್ಸ್, ಶಾಹಿದ್ ಅಫ್ರಿದಿ, ಯುವಕ ರೋಹಿತ್ ಶರ್ಮಾ. ಬೀಸಿ ಹೊಡೆಯುವವರ ಜಾತ್ರೆ. ಬೆಂಗಳೂರಿನ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಇಲ್ಲಿತ್ತು. ವಿ.ವಿ.ಎಸ್. ಲಕ್ಷ್ಮಣ್ ಅವರದು ಇನ್ನೊಂದು ದೊಡ್ಡತನ. ತಾನು ಐಕಾನ್ ಆದರೆ ತನಗೇ ಹೆಚ್ಚು ಹಣ ಹೋಗುತ್ತದೆ, ತಂಡಕ್ಕೆ ಆಟಗಾರರನ್ನು ಕೊಳ್ಳಲು ಕಡಿಮೆಯಾಗುತ್ತದೆ ಎಂದು ಅವರು ಆ ಸ್ಥಾನವನ್ನೇ ಬೇಡವೆಂದರು. ಪಟ್ಟಿ ನೋಡಿ ಭವಿಷ್ಯ ಹೇಳುವವರೆಲ್ಲ ಡೆಕ್ಕನ್ನಿನ ಕಡೆಗೆ ವಾಲಿದ್ದರು.

ಫಲಿತಾಂಶ? ಬೆಂಗಳೂರು ಏಳನೇ ಸ್ಥಾನ, ಡೆಕ್ಕನ್ ಎಂಟನೇ ಸ್ಥಾನ. ಬೆಂಗಳೂರಿನ ನಾಲ್ಕು ಗೆಲುವುಗಳಲ್ಲಿ ಎರಡು ಡೆಕ್ಕನ್ ಮೇಲೆಯೇ. ಗಡಿಯ ಎರಡೂ ಕಡೆಯವರಿಗೆ ಸಮನಾಗಿ ಅವಮಾನ. ಒಬ್ಬರನ್ನೊಬ್ಬರು ಗೇಲಿ ಮಾಡಲು ಯಾರಿಗೂ ಬಾಯಿ ಬರಲಿಲ್ಲ.

ಮರುವರ್ಷ ಚುನಾವಣೆಯ ಕಾರಣ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಬೆಂಗಳೂರಿಗೆ ಕೆವಿನ್ ಪೀಟರ್ಸನ್ 15.5 ಲಕ್ಷ ಡಾಲರಿಗೆ ಬಂದು ನಾಯಕರಾದರು. ಜಹೀರ್ ಖಾನರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪ ಅವರನ್ನು ತಂದರು. ಮನೀಶ್ ಪಾಂಡೆ ಬಂದರು. ಆದರೂ ತಂಡದ ನಡು ಅದೇ ಹಳೆಯ ನಡು: ದ್ರಾವಿಡ್, ಕಾಲಿಸ್, ಬೌಚರ್, ಕುಂಬ್ಳೆ. ಮೊದಲ ಪಂದ್ಯ ಏಪ್ರಿಲ್ 18ರಂದೇ, ಅಂದರೆ ಆ 82ರ ರಾತ್ರಿಗೆ ಸರಿಯಾಗಿ ಒಂದು ವರ್ಷಕ್ಕೆ, ಕೇಪ್‌ಟೌನಿನಲ್ಲಿ ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನದ ವಿರುದ್ಧ. ಬೆಂಗಳೂರು 8ಕ್ಕೆ 133, ಅದರಲ್ಲಿ ದ್ರಾವಿಡ್ ಒಬ್ಬರೇ 66. ಆಮೇಲೆ ರಾಜಸ್ಥಾನ 58ಕ್ಕೆ ಆಲೌಟ್. ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್. ಆರು ತಿಂಗಳ ಹಿಂದೆ ಟೆಸ್ಟಿನಿಂದ ನಿವೃತ್ತರಾಗಿದ್ದ 38 ವರ್ಷದ ಮನುಷ್ಯ!

ಆರು ಪಂದ್ಯಗಳಾದ ಮೇಲೆ ಪೀಟರ್ಸನ್ ಇಂಗ್ಲೆಂಡ್ ತಂಡದ ಕೆಲಸಕ್ಕೆ ಹೊರಟುಹೋದರು. ಕುಂಬ್ಳೆ ನಾಯಕರಾದರು, ಸೋಲುತ್ತಿದ್ದ ತಂಡ ಎದ್ದು ನಿಂತಿತು. ಮೇ 21ರಂದು ಸೆಂಚುರಿಯನ್ನಿನಲ್ಲಿ ಡೆಕ್ಕನ್ ವಿರುದ್ಧ ಮನೀಶ್ ಪಾಂಡೆ ಔಟಾಗದೆ 114 ಹೊಡೆದರು. ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಶತಕ ಅದು. ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ ಫೈನಲ್. ಆಡಿದವರು ಯಾರು? ಹಿಂದಿನ ವರ್ಷದ ಏಳನೆಯವರು ಮತ್ತು ಎಂಟನೆಯವರು. ಕಡೆಯವರ ಬಗ್ಗೆ ಶುಭಸಂದೇಶದಲ್ಲಿ ಇರುವ ಮಾತು ಆ ದಿನ ನಮ್ಮ ಗಡಿಯ ಊರುಗಳಲ್ಲಿ ಎಷ್ಟು ಜನರಿಗೆ ನೆನಪಾಯಿತೋ.

ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಕಳಿಸಿದರು. ಒಟ್ಟು 16 ರನ್ನಿಗೆ 4 ವಿಕೆಟ್. ಡೆಕ್ಕನ್ 6ಕ್ಕೆ 143, ಬೆಂಗಳೂರು 9ಕ್ಕೆ 137. ಆರು ರನ್ನಿನಿಂದ ಸೋತೆವು. ಸೋತ ತಂಡದ ಕುಂಬ್ಳೆಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಕೊಟ್ಟರು. 'ಟೆಸ್ಟ್ ಟೀಮು' ಎಂದು ನಕ್ಕ ಪಟ್ಟಿಯ ಹಿರಿಯರು ಒಂದೇ ವರ್ಷದಲ್ಲಿ ಕಪ್ಪಿನಿಂದ ಆರು ರನ್ ದೂರಕ್ಕೆ ಬಂದಿದ್ದರು. ಅದಕ್ಕೇ ನಾನು ಆ ಅಡ್ಡಹೆಸರನ್ನು ಅರ್ಧ ನಿಜ ಎಂದದ್ದು. ಬದಲಾದದ್ದು ಆಟಗಾರರಲ್ಲ, ಅವರಿಗೆ ಸಿಕ್ಕ ಕೆಲಸ, ಜೊತೆಗೆ ಸುತ್ತಲಿದ್ದ ಕಿರಿಯರು.

ಆ ರಾತ್ರಿ ನಮ್ಮ ಕಡೆ ಪಟಾಕಿ ಹೊಡೆದವರೂ ಇದ್ದರು, ಟಿವಿ ಆರಿಸಿ ಮಲಗಿದವರೂ ಇದ್ದರು, ಒಂದೇ ಬೀದಿಯಲ್ಲಿ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಈ ಲೆಕ್ಕವೂ ಬದಲಾಯಿತು. ಹೈದರಾಬಾದು ಬೇರೆ ರಾಜ್ಯಕ್ಕೆ ಸೇರಿತು. ಆಂಧ್ರಕ್ಕೆ ಐಪಿಎಲ್ ತಂಡವೇ ಇಲ್ಲ. ಆದರೆ ನಮ್ಮ ರಾಯದುರ್ಗದ ಹುಡುಗನೊಬ್ಬ ಚೆನ್ನಾಗಿ ಬೌಲಿಂಗ್ ಮಾಡಿದರೆ ಅವನ ದಾರಿ ಬೆಂಗಳೂರಿಗಲ್ಲ, ಅನಂತಪುರದ ಮೂಲಕ ಆಂಧ್ರ ತಂಡಕ್ಕೆ. ಕನ್ನಡ ಮಾತಾಡುತ್ತಾನೆಂದು ಕರ್ನಾಟಕ ರಣಜಿ ತಂಡದವರು ಕರೆಯುವುದಿಲ್ಲ. ಐಪಿಎಲ್ ಒಂದರಲ್ಲಿ ಮಾತ್ರ ಯಾವ ರಾಜ್ಯದವನನ್ನು ಯಾವ ಊರೂ ಆರಿಸಬಹುದು. ಗಡಿಯವರಿಗೆ ಹರಾಜಿನಿಂದ ಆದ ಒಂದೇ ಲಾಭ ಇದು ಅನ್ನಿಸುತ್ತದೆ.

ಅನಂತಪುರ ಎಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸ್ಪೇನಿನ ವಿನ್ಸೆಂಟ್ ಫೆರರ್ ಯೇಸುಸಭೆಯವರಾಗಿ ಭಾರತಕ್ಕೆ ಬಂದು, 1969ರಲ್ಲಿ ಈ ಬರದ ಜಿಲ್ಲೆಗೆ ಕಾಲಿಟ್ಟು, ಆಮೇಲೆ ಸಭೆಯನ್ನು ಬಿಟ್ಟರೂ ಜನರನ್ನು ಬಿಡದೆ 2009ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಉಳಿದರು. ಅವರು ಕಟ್ಟಿದ ಆರ್‌ಡಿಟಿ ಸಂಸ್ಥೆ ಬಾವಿ, ಮನೆ, ಆಸ್ಪತ್ರೆಗಳ ಜೊತೆಗೆ ಅನಂತಪುರದಲ್ಲಿ ಒಂದು ಕ್ರೀಡಾಗ್ರಾಮವನ್ನೂ ಕಟ್ಟಿತು. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ನಡೆದದ್ದು ಆ ಮೈದಾನದಲ್ಲೇ. ಟ್ರೋಫಿ ಗೆದ್ದ ಇಂಡಿಯಾ ಎ ತಂಡದ ನಾಯಕ ಕರ್ನಾಟಕದ ಮಯಾಂಕ್ ಅಗರ್ವಾಲ್.

ಈ ಮಯಾಂಕ್ ಕಥೆ ಕೇಳಿ. ಅನಂತಪುರದಲ್ಲಿ ಟ್ರೋಫಿ ಎತ್ತಿ ಎರಡು ತಿಂಗಳಾಗಿತ್ತು, ಐಪಿಎಲ್ ಹರಾಜಿನಲ್ಲಿ ಅವರ ಹೆಸರು ಬಂದಾಗ ಹತ್ತು ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ. 2025ರ ಋತು ಶುರುವಾದಾಗ ಯಾವ ಪಟ್ಟಿಯಲ್ಲೂ ಅವರಿಲ್ಲ. ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯಗೊಂಡರು. ಬೆಂಗಳೂರು ಮಯಾಂಕ್‌ರನ್ನು ಕರೆಸಿಕೊಂಡಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧದ ಫೈನಲ್‌ನಲ್ಲಿ ಅವರು 24 ರನ್ ಮಾಡಿದರು. ಹಿಂದೆ 2011ರಲ್ಲಿ ಕ್ರಿಸ್ ಗೇಲ್ ಕೂಡ ಹೀಗೆಯೇ, ಹರಾಜಿನಲ್ಲಿ ಯಾರಿಗೂ ಬೇಡವಾಗಿ ಬೇರೊಬ್ಬರ ಬದಲಿಗೆ ಬಂದು ಮೊದಲ ಪಂದ್ಯದಲ್ಲೇ ಶತಕ ಹೊಡೆದಿದ್ದರು. ಏಪ್ರಿಲ್‌ನ ಪಟ್ಟಿಯಲ್ಲಿ ಇರುವವರ ಬಗ್ಗೆ ನಾವು ಇಷ್ಟೊಂದು ಮಾತಾಡುತ್ತೇವೆ, ಇಲ್ಲದವರ ಬಗ್ಗೆ ಯಾರು ಯೋಚಿಸುತ್ತಾರೆ?

ಆ ಫೈನಲ್‌ನಲ್ಲಿ ಬೆಂಗಳೂರು 9ಕ್ಕೆ 190, ಪಂಜಾಬ್ 7ಕ್ಕೆ 184. ಅಂತರ ಆರು ರನ್. 2009ರಲ್ಲಿ ಸೋತ ಅದೇ ಆರು. ತಂಡದಲ್ಲಿ ಭುವನೇಶ್ವರ್ ಕುಮಾರ್ ಇದ್ದರು. 2016ರ ಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ, ಕೊಹ್ಲಿ 973 ರನ್ ಹೊಡೆದ ವರ್ಷ, ಎಂಟು ರನ್ನಿನಿಂದ ನಮ್ಮನ್ನು ಸೋಲಿಸಿದ ಹೈದರಾಬಾದ್ ತಂಡದ ಮುಖ್ಯ ಬೌಲರ್ ಇವರೇ. ಈಗ ಇವರು ನಮ್ಮವರು. 2008ರ ಮೊದಲ ಪಂದ್ಯ ಆಡಿದವರಲ್ಲಿ ಆ ಕಪ್ ಮುಟ್ಟಿದವರು ಒಬ್ಬರೇ. ಆ ದಿನ 1 ರನ್ ಮಾಡಿದ ಹುಡುಗ 18ನೇ ಋತುವಿನಲ್ಲಿ 43 ಮಾಡಿ, ಕೊನೆಯ ಓವರ್ ಮುಗಿಯುವ ಮೊದಲೇ ಅಳುತ್ತಿದ್ದ.

ಆದರೆ ಇದಕ್ಕೂ ಒಂದು ವರ್ಷ ಮೊದಲೇ ಬೆಂಗಳೂರಿಗೆ ಕಪ್ ಬಂದಿತ್ತು ಎಂಬುದನ್ನು ನಮ್ಮ ಹುಡುಗರು ಮರೆಯುತ್ತಾರೆ, ಹುಡುಗಿಯರು ಮರೆಯುವುದಿಲ್ಲ. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕತ್ವದ ಮಹಿಳೆಯರ ತಂಡ ದೆಹಲಿಯನ್ನು ದೆಹಲಿಯಲ್ಲೇ ಸೋಲಿಸಿತು. ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್. ಅವರ ಮೊದಲ ವರ್ಷದ ಪಟ್ಟಿಗೂ ಹೊಗಳಿಕೆ ಸುರಿದಿತ್ತು, ಅವರೂ ಮೊದಲ ಐದು ಪಂದ್ಯ ಸತತವಾಗಿ ಸೋತಿದ್ದರು. ವ್ಯತ್ಯಾಸವೆಂದರೆ ಅವರಿಗೆ ಹದಿನೆಂಟು ವರ್ಷ ಬೇಕಾಗಲಿಲ್ಲ, ಎರಡೇ ಸಾಕಾಯಿತು.

2025ರ ಜೂನ್ 4ರ ಬಗ್ಗೆಯೂ ಬರೆಯಲೇಬೇಕು. ಕಪ್ ಬಂದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸೇರಿದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಬೆಳಿಗ್ಗೆ ಮನೆಯಿಂದ ಸಂತೋಷದಿಂದ ಹೊರಟವರು. ಹನ್ನೊಂದು ಎಂಬ ಸಂಖ್ಯೆ ಕ್ರಿಕೆಟಿನವರಿಗೆ ಎಷ್ಟು ಆಪ್ತವಾದದ್ದೋ, ಆ ಸಂಜೆಯ ನಂತರ ಅಷ್ಟೇ ಭಾರವಾಯಿತು. ಆಟಗಾರರ ಹೆಸರು ಬಾಯಿಪಾಠ ಬರುವ ನಮಗೆ ಆ ಹನ್ನೊಂದು ಹೆಸರುಗಳಲ್ಲಿ ಎಷ್ಟು ಗೊತ್ತು? ನವೆಂಬರಿನಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ಅವರನ್ನೂ ಸೇರಿಸಿಕೊಳ್ಳೋಣ ಎಂದು ನಮ್ಮ ಯುವಜನರ ಮುಂದೆ ಕೇಳಿಕೊಳ್ಳುತ್ತೇನೆ. ಕುಟುಂಬಗಳು ಯಾವ ಧರ್ಮದವೆಂದು ಕೇಳುವ ಅಗತ್ಯವಿಲ್ಲ.

ಇನ್ನು 2008ರ ಆ ಹನ್ನೊಂದು ಮಂದಿ ಏನಾದರು ಎಂದು ಕೇಳುವವರಿಗಾಗಿ ಸ್ವಲ್ಪ ಹೇಳುತ್ತೇನೆ. ದ್ರಾವಿಡ್ ಭಾರತ ತಂಡದ ಕೋಚ್ ಆದರು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದಾಗ ಫೈನಲ್‌ನಲ್ಲಿ 76 ರನ್ ಹೊಡೆದವರು ಕೊಹ್ಲಿ, ಹೊರಗೆ ಕೋಚ್ ಸ್ಥಾನದಲ್ಲಿ ಕೂತಿದ್ದವರು ದ್ರಾವಿಡ್. ಇಪ್ಪತ್ತು ಓವರಿನ ಆಟ ಬರುವುದಿಲ್ಲ ಎನ್ನಿಸಿಕೊಂಡ ಪಟ್ಟಿಯ ಮೊದಲನೆಯ ಮತ್ತು ಮೂರನೆಯ ಹೆಸರುಗಳು ಅವು. ಜಹೀರ್ 2011ರ ವಿಶ್ವಕಪ್ಪಿನಲ್ಲಿ 21 ವಿಕೆಟ್ ತೆಗೆದರು. ಬೌಚರ್, ಜಾಫರ್ ತರಬೇತಿಯ ದಾರಿ ಹಿಡಿದರು.

ಆ ರಾತ್ರಿ ಹನ್ನೊಂದನೆಯವರಾಗಿ ಬಂದು, 3 ರನ್ ಮಾಡಿ, ಲಕ್ಷ್ಮಿ ರತನ್ ಶುಕ್ಲಾ ಬೌಲಿಂಗಿನಲ್ಲಿ ಕೊನೆಯ ವಿಕೆಟಾಗಿ ಔಟಾದವರು ಸುನಿಲ್ ಜೋಶಿ. ಗದಗದವರು. ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ವಾಪಸು ಬಂದು ಶಾಲೆಗೆ ಹೋಗುತ್ತಿದ್ದವರು. 2020ರ ಮಾರ್ಚ್‌ನಲ್ಲಿ ಭಾರತದ ಆಯ್ಕೆ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ದೇಶದ ತಂಡದ ಪಟ್ಟಿ ಬರೆಯುವ ಕೆಲಸ ಅವರ ಕೈಗೆ ಬಂತು.